ವಿಭೂತಿ ಒತ್ತಿ, ಕೆಳಕ್ಕೆ ಎಳೆಯಿರಿ

ಡಿಸೆಂಬರ್ ಬಂತೆಂದರೆ ಕಾಫಿ ಸೀಮೆಯಲ್ಲಿ ಯಾರೂ ಹೊಸದಾಗಿ ಏನಕ್ಕೂ ಕೈ ಹಾಕುವುದಿಲ್ಲ. ಮನೆಗೆ ಸುಣ್ಣಬಣ್ಣ ಇಲ್ಲ, ಸೈಟಿನ ಮಾತಿಲ್ಲ, ನೆಂಟರ ಮನೆ ಕಡೆ ತಲೆ ಹಾಕುವುದಿಲ್ಲ. ಅರೇಬಿಕಾ ಕೊಯ್ಲು ಮುಗಿಯಬೇಕು, ಕಣದಲ್ಲಿ ಹರಡಿದ್ದು ಒಣಗಬೇಕು, ಅಷ್ಟರಲ್ಲಿ ರೊಬಸ್ಟಾ ಹಣ್ಣಾಗಿ ಕೂತಿರುತ್ತದೆ. ಇದು ಚಿಕ್ಕಮಗಳೂರಿನಲ್ಲಿ ಮಕ್ಕಳಿಗೂ ಗೊತ್ತು. ನಮ್ಮ ಲೆಕ್ಕದ ಸಾಫ್ಟ್‌ವೇರ್ ಮಾಡುವವರಿಗೆ ಮಾತ್ರ ಗೊತ್ತಿರಲಿಲ್ಲ. ಸರಿಯಾಗಿ ಕೊಯ್ಲಿನ ನಡುವೆ ಒಂದು ಬೆಳಗ್ಗೆ ಕಂಪ್ಯೂಟರ್ ಹಾಕಿದರೆ, ಇಷ್ಟು ವರ್ಷ ಎದುರಿಗಿಟ್ಟುಕೊಂಡು ಕೂತಿದ್ದ ಸ್ಕ್ರೀನೇ ಇಲ್ಲ. ಅದರ ಜಾಗದಲ್ಲಿ ಬೆಳ್ಳನೆಯ ಬಯಲು. ನಡುವೆ ‘ನಮಸ್ಕಾರ! ಹೊಸ ಅನುಭವಕ್ಕೆ ಸ್ವಾಗತ’ ಎಂಬ ಒಂದು ಸಾಲು, ಪಕ್ಕದಲ್ಲಿ ಕೈ ಬೀಸುವ ಗೊಂಬೆ.

ಬೆಳೆಗಾರರಿಂದ ಕಾಫಿ ಕೊಳ್ಳುವ ಅಂಗಡಿಯಲ್ಲಿ ಲೆಕ್ಕ ಬರೆಯುವವಳು ನಾನು. ನನಗೆ ಅನುಭವ ಬೇಕಾಗಿಲ್ಲ, ಸಾಲು ಬೇಕು. ತಾರೀಖು, ಬೆಳೆಗಾರರ ಹೆಸರು, ಅರೇಬಿಕಾ ಪಾರ್ಚ್‌ಮೆಂಟೋ ರೊಬಸ್ಟಾ ಚೆರ್ರಿಯೋ, ಎಷ್ಟು ಚೀಲ, ಎಷ್ಟು ಕೆಜಿ, ಮಾಯಿಶ್ಚರ್ ಎಷ್ಟು, ಔಟ್‌ಟರ್ನ್ ಎಷ್ಟು, 50 ಕೆಜಿ ಚೀಲಕ್ಕೆ ಏನು ರೇಟು, ಮುಂಗಡ ಎಷ್ಟು ಮುರಿದುಕೊಂಡದ್ದು, ಕೈಗೆ ಕೊಟ್ಟದ್ದೆಷ್ಟು. ಪಾರ್ಚ್‌ಮೆಂಟ್ ಅಂದರೆ ಹಣ್ಣಿನ ಮೇಲ್ಸಿಪ್ಪೆ ತೆಗೆದು ಒಣಗಿಸಿದ್ದು, ಚೆರ್ರಿ ಅಂದರೆ ಹಣ್ಣನ್ನು ಇಡಿಯಾಗಿ ಒಣಗಿಸಿದ್ದು. ಔಟ್‌ಟರ್ನ್ ಅಂದರೆ ಹೀಗೆ ಒಣಗಿದ ಕಾಫಿಯ ಒಂದು 50 ಕೆಜಿ ಚೀಲದ ಸಿಪ್ಪೆ ತೆಗೆದಾಗ ಎಷ್ಟು ಕೆಜಿ ಬೀಜ ಸಿಗುತ್ತದೆ ಎಂಬ ಲೆಕ್ಕ. ಇಡೀ ವ್ಯಾಪಾರದ ಜಗಳ ಇರುವುದೇ ಆ ಒಂದು ಕಾಲಮ್ಮಿನಲ್ಲಿ.

ಹಳೇ ಸ್ಕ್ರೀನು ಚೆಂದವಾಗಿತ್ತು ಎಂದು ನಾನು ಹೇಳುವುದಿಲ್ಲ. ಬೂದಿ ಬಣ್ಣ, ಇಕ್ಕಟ್ಟಾದ ಅಕ್ಷರ, ಮೂಲೆಮೂಲೆಗೂ ಗುಂಡಿ. ಆದರೆ ಒಂದು ದಿನದ ಖರೀದಿ ಪೂರ್ತಿ ಒಂದೇ ನೋಟಕ್ಕೆ ಸಿಗುತ್ತಿತ್ತು. ಕಣ್ಣು ಮೇಲಿಂದ ಕೆಳಕ್ಕೆ ಜಾರಿದರೆ ಸಾಕು, ತಪ್ಪಿದ ಅಂಕಿ ತಾನಾಗಿ ಎದ್ದು ನಿಲ್ಲುತ್ತಿತ್ತು. ಹಿಂದೆಮುಂದೆ ಎಲ್ಲರ ಔಟ್‌ಟರ್ನ್ ಇಪ್ಪತ್ತಾರು ಇಪ್ಪತ್ತೇಳು ಇರುವಾಗ ನಡುವೆ ಒಂದು ಅರವತ್ತೆರಡು ಬಂದರೆ, ಟೈಪ್ ಮಾಡುವಾಗ ಅಂಕಿ ತಿರುಗುಮುರುಗಾಗಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅಕ್ಕಪಕ್ಕದ ಸಾಲುಗಳೇ ಹೇಳುತ್ತಿದ್ದವು. ಕೈಯೂ ಅಷ್ಟೇ, ಎಂಟರ್ ಎಂಟರ್ ಎಂಟರ್ ಅಂತ ತಾನೇ ಓಡುತ್ತಿತ್ತು. ಮೌಸು ಒಂದು ಕಡೆ ಧೂಳು ಹಿಡಿದು ಬಿದ್ದಿರುತ್ತಿತ್ತು.

ಹೊಸದರಲ್ಲಿ ಒಬ್ಬೊಬ್ಬರ ಲೆಕ್ಕಕ್ಕೂ ಒಂದೊಂದು ಕಾರ್ಡು. ಮೂಲೆಗಳು ನುಣ್ಣಗೆ, ಕೆಳಗೆ ಸಣ್ಣ ನೆರಳು, ಕಾರ್ಡಿಗೂ ಕಾರ್ಡಿಗೂ ನಡುವೆ ಎರಡು ಬೆರಳು ಜಾಗ. ಎಡಗಡೆ ಬೆಳೆಗಾರರ ಹೆಸರಿನ ಮೊದಲ ಅಕ್ಷರ ಒಂದು ಬಣ್ಣದ ವೃತ್ತದೊಳಗೆ. ಒಂದು ಸಲಕ್ಕೆ ಕಾಣುವುದು ಐದು ಕಾರ್ಡು. ಅದರಲ್ಲೂ ಔಟ್‌ಟರ್ನ್ ಕಾಣುವುದಿಲ್ಲ, ಕಾರ್ಡು ಒತ್ತಿದರೆ ಬರುತ್ತದೆ. ಐದರಲ್ಲಿ ಯಾರು ಯಾರಿಗೆ ಅಕ್ಕಪಕ್ಕ, ಹೇಳಿ?

ಜಾಗದ ವಿಷಯಕ್ಕೆ ಬಂದರೆ ಒಂದು ತಮಾಷೆ ಇದೆ. ಹಿಂದೆ ಮೇಜಿನ ಮುಕ್ಕಾಲು ಭಾಗ ತಿನ್ನುತ್ತಿದ್ದ ದಪ್ಪ ಮಾನಿಟರ್ ಇತ್ತಲ್ಲ, ಅದರಲ್ಲಿ ಸಾಮಾನ್ಯವಾಗಿ ಅಡ್ಡಕ್ಕೆ 1024 ಚುಕ್ಕಿ, ಉದ್ದಕ್ಕೆ 768. ಆಮೇಲೆ ವರ್ಷಗಟ್ಟಲೆ ಅಗ್ಗದ ಲ್ಯಾಪ್‌ಟಾಪುಗಳಲ್ಲೆಲ್ಲ ಬಂದದ್ದು 1366 ಮತ್ತು 768. ಅಂದರೆ ಸಿನಿಮಾ ನೋಡಲಿ ಎಂದು ಅಗಲ ಮಾಡಿದರೇ ಹೊರತು ಎತ್ತರ ಒಂದು ಚುಕ್ಕಿಯೂ ಹೆಚ್ಚಲಿಲ್ಲ. ನಮ್ಮ ಅಂಗಡಿಯದೂ ಅದೇ 768. ಅದರಲ್ಲಿ ಮೇಲೆ ಬ್ರೌಸರಿನ ಟ್ಯಾಬು, ಅಡ್ರೆಸ್ ಪಟ್ಟಿ, ಕೆಳಗೆ ವಿಂಡೋಸ್‌ನ ಪಟ್ಟಿ. ಆಮೇಲೆ ಸಾಫ್ಟ್‌ವೇರಿನದೇ ತಲೆಪಟ್ಟಿ, ಅದರ ಕೆಳಗೆ ನಮಸ್ಕಾರದ ಗೊಂಬೆ. ಉಳಿದದ್ದರಲ್ಲಿ ನಮ್ಮ ಸಂಸಾರ. ಎಡಕ್ಕೂ ಬಲಕ್ಕೂ ಮಾತ್ರ ಯಾರೂ ಕೇಳದ ಬಿಳಿ ಜಾಗ ಸುಮ್ನೆ ಬಿದ್ದಿದೆ.

ಯಾಕೆ ಹೀಗೆ ಎಂದರೆ ಕಾರಣ ಬೆರಳು. ಮೌಸಿನ ಬಾಣಕ್ಕೆ ಒಂದು ಚುಕ್ಕಿ ಸಾಕು, ಹೆಬ್ಬೆರಳಿಗೆ ಸಾಲದು. ಫೋನಿನಲ್ಲಿ ಒತ್ತುವ ಗುಂಡಿ ಕನಿಷ್ಠ 44 ಪಾಯಿಂಟ್ ಇರಲಿ ಎಂದು ಆ್ಯಪಲ್ ಡಿಸೈನರ್‌ಗಳಿಗೆ ಹೇಳುತ್ತದೆ. ಆಂಡ್ರಾಯ್ಡಿಗೆ ಗೂಗಲ್ ಹೇಳುವುದು 48. ಸರಿಯೇ. ಆದರೆ ಫೋನಿಗೊಂದು ಕಂಪ್ಯೂಟರಿಗೊಂದು ಬೇರೆ ಬೇರೆ ಮಾಡುವುದು ಖರ್ಚು. ಹಾಗಾಗಿ ಹೆಬ್ಬೆರಳಿಗೆ ಅಳತೆ ಕೊಟ್ಟು ಹೊಲಿದ ಅಂಗಿಯನ್ನೇ ಎಲ್ಲರಿಗೂ ತೊಡಿಸುತ್ತಾರೆ. ಪಾಲ್ ಫಿಟ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1954ರಲ್ಲೇ ಒಂದು ನಿಯಮ ಬರೆದಿಟ್ಟಿದ್ದಾನೆ. ಗುರಿ ದೊಡ್ಡದಾಗಿದ್ದು ಹತ್ತಿರವೂ ಇದ್ದರೆ ಕೈ ಬೇಗ ಮುಟ್ಟುತ್ತದೆ ಎಂದು. ನಮ್ಮವರು ಅದರಲ್ಲಿ ದೊಡ್ಡದು ಅನ್ನುವುದನ್ನಷ್ಟೇ ಓದಿಕೊಂಡಂತಿದೆ. ತೂಕ ಬರೆಯುವುದು ಮೇಲೆ ಎಡಗಡೆ, ಸೇವ್ ಇರುವುದು ಕೆಳಗೆ ಬಲಗಡೆ. ನಡುವೆ ಸ್ಕ್ರೋಲು.

ಇಷ್ಟು ಧಾರಾಳವಾಗಿ ಜಾಗ ಬಿಟ್ಟವರು ಒಂದು ಕಡೆ ಮಾತ್ರ ಜಿಪುಣತನ ಮಾಡಿದ್ದಾರೆ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಸರಿಯಾಗಿ ಸಾಲು ಕತ್ತರಿಸಿದ್ದಾರೆ. ನಮ್ಮ ಒತ್ತಕ್ಷರ ಇರುವುದು ಸಾಲಿನ ಕೆಳಗೆ. ಅದು ಗೆರೆಯಾಚೆ ಹೋಗಿ ಮಾಯ. ತಿಮ್ಮಪ್ಪ ಎಂದು ಬರೆದರೆ ಕಾರ್ಡಿನಲ್ಲಿ ಕಾಣುವುದು ತಿಮಪ. ಲಕ್ಕಮ್ಮ ಹೋಗಿ ಲಕಮ. ಪುಟ್ಟಸ್ವಾಮಿ ಪುಟಸಾಮಿ ಆದದ್ದು ಒಂದು ರೀತಿ ಪರವಾಗಿಲ್ಲ, ಊರಲ್ಲಿ ಕರೆಯುವುದೇ ಹಾಗೆ. ಹೆಸರಿನ ಮೇಲೊಂದು ಇಂಚು ಖಾಲಿ, ಕೆಳಗೊಂದು ಇಂಚು ಖಾಲಿ, ಒಂದು ಒತ್ತಿಗೆ ಜಾಗ ಇಲ್ಲ!

ಇನ್ನು ಆ ಮೂರು ಅಡ್ಡಗೆರೆ. ಮೊದಲು ಮೇಲ್ಗಡೆ ‘ಖರೀದಿ, ಮುಂಗಡ, ದಾಸ್ತಾನು, ವರದಿ’ ಎಂದು ಬರೆದಿರುತ್ತಿತ್ತು. ಈಗ ಎಲ್ಲವನ್ನೂ ಮೂರು ಗೆರೆಯೊಳಗೆ ತುಂಬಿದ್ದಾರೆ. ನಮ್ಮ ಅಂಗಡಿಯಲ್ಲಿ ಅದಕ್ಕೆ ವಿಭೂತಿ ಎಂದೇ ಹೆಸರು. ‘ವರದಿ ಎಲ್ಲಿ?’ ಎಂದರೆ ‘ವಿಭೂತಿ ಒತ್ತಿ, ಕೆಳಕ್ಕೆ ಎಳೀರಿ’ ಎಂದು ಉತ್ತರ. ಈ ಗುರುತು ಹೊಸದೇನಲ್ಲ. 1981ರಲ್ಲಿ ಬಂದ ಜೆರಾಕ್ಸ್ ಸ್ಟಾರ್ ಎಂಬ ಕಂಪ್ಯೂಟರಿಗೆ ನಾರ್ಮ್ ಕಾಕ್ಸ್ ಬಿಡಿಸಿಕೊಟ್ಟದ್ದು. ಅಲ್ಲಿ ಜಾಗವೇ ಕಮ್ಮಿ ಇತ್ತು, ಚಿಕ್ಕದಾಗಿ ಏನಾದರೂ ಬೇಕಿತ್ತು. ಇಲ್ಲಿ ಬಯಲೇ ಬಿದ್ದಿರುವಾಗ ನಾಲ್ಕು ಪದವನ್ನು ಬಚ್ಚಿಡುವುದು ಯಾರ ಸುಖಕ್ಕೋ.

ದೊಡ್ಡ ದೊಡ್ಡವರೂ ಈ ಆಟ ಆಡಿದ್ದಾರೆ. 2012ರ ವಿಂಡೋಸ್ 8ರಲ್ಲಿ ಸ್ಟಾರ್ಟ್ ಗುಂಡಿಯನ್ನೇ ತೆಗೆದರು, ಜನ ಕೂಗಾಡಿದ ಮೇಲೆ ಮರುವರ್ಷವೇ 8.1ರಲ್ಲಿ ತಂದು ಅದೇ ಮೂಲೆಗೆ ಇಟ್ಟರು. ಜಿಮೇಲ್‌ನವರು ಸ್ವಲ್ಪ ಜಾಣರು. ಸೆಟ್ಟಿಂಗ್ಸ್‌ನಲ್ಲಿ ಮೂರು ಅಳತೆ ಇಟ್ಟಿದ್ದಾರೆ, ಇಕ್ಕಟ್ಟು ಬೇಕಾದವರು ‘ಕಾಂಪ್ಯಾಕ್ಟ್’ ಆರಿಸಿಕೊಳ್ಳಬಹುದು. ಅಷ್ಟು ಸಾಕಲ್ವಾ?

ನಾನು ಕಂಡುಕೊಂಡ ಉಪಾಯ ಕಂಟ್ರೋಲ್ ಮತ್ತು ಮೈನಸ್. ಒತ್ತಿದರೆ ಬ್ರೌಸರಿನಲ್ಲಿ ಎಲ್ಲವೂ ಕುಗ್ಗುತ್ತದೆ. ಕಾರ್ಡು ಹತ್ತಾಗುತ್ತವೆ. ಆದರೆ ಖಾಲಿ ಜಾಗದ ಜೊತೆ ಅಕ್ಷರವೂ ಕುಗ್ಗುತ್ತದೆ, ಚಾಳೀಸು ಬಂದ ಕಣ್ಣಿಗೆ ಇಪ್ಪತ್ತಾರೂ ಒಂದೇ, ಇಪ್ಪತ್ತೆಂಟೂ ಒಂದೇ.

ಇದನ್ನೆಲ್ಲ ನಮಗೆ ಕಾಫಿ ಕೊಡುವ ಮೂಡಿಗೆರೆ ಕಡೆಯ ಗೌಡರೊಬ್ಬರ ಹತ್ತಿರ ಹೇಳಿಕೊಂಡೆ. ಅವರು ಜೇಬಿನಿಂದ ಫೋನ್ ತೆಗೆದು, ಅದೇ ಸಾಫ್ಟ್‌ವೇರಿನಲ್ಲಿ ತಮ್ಮ ಲೆಕ್ಕದ ಕಾರ್ಡು ತೋರಿಸಿ, ‘ಏನಮ್ಮಾ ನೀನು, ನನಗೆ ಇದು ಬಲೇ ಚೆನ್ನಾಗಿದೆ ಕಣಮ್ಮಾ. ಮುಂಚೆ ಇರುವೆ ಹರಿದಂಗಿತ್ತು, ಈಗ ನನ್ನ ದುಡ್ಡು ದೊಡ್ಡದಾಗಿ ಕಾಣುತ್ತೆ’ ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವರಿಗೆ ನೋಡಬೇಕಾದದ್ದು ಒಂದೇ ಅಂಕಿ.

ಅವತ್ತಿನಿಂದ ನನ್ನ ಸಿಟ್ಟು ಖಾಲಿ ಜಾಗದ ಮೇಲಿಲ್ಲ. ಪಕ್ಕದ ಹಾಸನ ಜಿಲ್ಲೆಯಲ್ಲೇ ಎರಡೂ ಇವೆಯಲ್ಲ. ಶ್ರವಣಬೆಳಗೊಳದ ಗೊಮ್ಮಟ ಸುಮಾರು 58 ಅಡಿ. ಕೈಕಾಲಿಗೆ ಹಬ್ಬಿದ ಬಳ್ಳಿ, ಕಾಲ ಬಳಿ ಹುತ್ತ, ಉಳಿದದ್ದೆಲ್ಲ ನಯವಾದ ಕಲ್ಲು. ಬೆಟ್ಟ ಹತ್ತಿದವನು ತಲೆಯೆತ್ತಿ ನೋಡಿದರೆ ಅಷ್ಟೇ ಸಾಕು. ಇತ್ತ 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಬೇಲೂರು ದೇವಸ್ಥಾನದಲ್ಲಿ ಅಂಗೈ ಅಗಲ ಜಾಗವನ್ನೂ ಸುಮ್ಮನೆ ಬಿಟ್ಟಿಲ್ಲ. ಕೆಳಗೆ ಆನೆ ಸಾಲು, ಅದರ ಮೇಲೊಂದು ಸಾಲು, ಮೇಲೆ ಮತ್ತೊಂದು. ಅಲ್ಲಿ ನಿಧಾನಕ್ಕೆ ಸುತ್ತು ಹಾಕುವವರಿಗೆ ಮಾತ್ರ ಒಂದಾನೆಗೂ ಇನ್ನೊಂದಾನೆಗೂ ಇರುವ ವ್ಯತ್ಯಾಸ ಕಾಣುತ್ತದೆ. ಗೌಡರಿಗೆ ಗೊಮ್ಮಟನೇ ಇರಲಿ. ಇಡೀ ದಿನ ಗೋಡೆ ಸುತ್ತುವವಳು ನಾನು, ನನ್ನ ಆನೆಗಳನ್ನು ಯಾಕೆ ಅಳಿಸಬೇಕು? ಹೊಸದು ಮಾಡುವವರ ಕಣ್ಣ ಮುಂದೆ ಇರುವುದು ಯಾವಾಗಲೂ ಮೊದಲ ಸಲ ಬರುವವನು. ಅವನಿಗೆ ಗಾಬರಿಯಾಗಬಾರದು, ಅವನು ಹೆದರಿ ಓಡಿ ಹೋಗಬಾರದು. ದಿನಾ ಬರುವವಳು ಎಲ್ಲಿಗೂ ಹೋಗುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು.

ಅದಕ್ಕೇ ಈಗ ನಾನು ಬೆಳಗ್ಗೆ ಬಂದವಳೇ ಡೌನ್‌ಲೋಡ್ ಒತ್ತಿ, ಎಲ್ಲವನ್ನೂ ಎಕ್ಸೆಲ್‌ಗೆ ಇಳಿಸಿಕೊಳ್ಳುತ್ತೇನೆ. ಅದರಲ್ಲೂ 2007ರಲ್ಲಿ ಮೇಲ್ಗಡೆ ರಿಬ್ಬನ್ ಎಂಬ ಗುಂಡಿಗಳ ಒಂದು ಅಗಲವಾದ ಪಟ್ಟಿ ತಂದು ಕೂರಿಸಿದರು, ಆಗಲೂ ಜನ ಬೈದರು. ಆದರೆ ಕಂಟ್ರೋಲ್ ಮತ್ತು ಎಫ್‌ಒನ್ ಒತ್ತಿದರೆ ಅದು ಮಡಚಿಕೊಳ್ಳುತ್ತದೆ, ಮತ್ತೆ ಒತ್ತಿದರೆ ಬರುತ್ತದೆ. ಆ ಮರ್ಯಾದೆ ಇದೆ. ಮೊದಲು 65,536 ಸಾಲಿದ್ದದ್ದು ಅದೇ ವರ್ಷ 10,48,576 ಆಯಿತು. ಇಡೀ ಜಿಲ್ಲೆಯ ಕಾಫಿ ತಂದು ಸುರಿದರೂ ತುಂಬುವುದಿಲ್ಲ. ತಿಮ್ಮಪ್ಪನ ಒತ್ತು ಕೂಡ ಪೂರ್ತಿ ಕಾಣುತ್ತದೆ. ಅದರಲ್ಲೇ ಕೆಲಸ ಮುಗಿಸಿ, ಸಂಜೆ ತಿದ್ದಿದ್ದನ್ನು ವಾಪಸ್ ಏರಿಸುತ್ತೇನೆ.

ಮೊನ್ನೆ ಸಪೋರ್ಟಿನ ಹುಡುಗ ಫೋನ್ ಮಾಡಿ, ಹೊಸ ಡಿಸೈನ್ ಅಭ್ಯಾಸ ಆಯ್ತಾ ಎಂದು ಕೇಳಿದ. ಇದ್ದದ್ದು ಇದ್ದ ಹಾಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೇಡಂ, ಎಲ್ಲೂ ಹೇಳ್ಬೇಡಿ. ನಮ್ಮ ಅಕೌಂಟ್ಸ್‌ನವರೂ ಎಕ್ಸೆಲ್‌ನಲ್ಲೇ ಮಾಡೋದು’ ಎಂದ. ಆಮೇಲೆ, ಮುಂದಿನ ಅಪ್‌ಡೇಟ್‌ನಲ್ಲಿ ಡೌನ್‌ಲೋಡ್ ಗುಂಡಿಯನ್ನೂ ವಿಭೂತಿಯೊಳಗೆ ಹಾಕುತ್ತಿದ್ದಾರೆ, ಬರೆದಿಟ್ಟುಕೊಂಡಿರಿ ಎಂದ.