ಎಫೆಸಸ್‌ನ ಸೆಲ್ಸಸ್ ಗ್ರಂಥಾಲಯ: ಒಂದು ಸ್ಪಷ್ಟನೆ

ಟರ್ಕಿಯಲ್ಲಿರುವ ಪಾಳುಬಿದ್ದ ಪ್ರಾಚೀನ ನಗರ ಎಫೆಸಸ್‌ನ ಸೆಲ್ಸಸ್ ಗ್ರಂಥಾಲಯದ ಚಿತ್ರಕ್ಕೆ ‘1,900 ವರ್ಷಗಳಿಂದ ಅಲುಗದೆ ನಿಂತಿದೆ’ ಎಂಬ ಒಕ್ಕಣೆ ಸೇರಿಸಿ ಹಂಚಲಾಗುತ್ತಿದೆ. ಅದು ಸರಿಯಲ್ಲ.

ರೋಮನ್ ಅಧಿಕಾರಿ ಸೆಲ್ಸಸ್‌ನ ನೆನಪಿಗೆ ಮಗ ಅಕ್ವಿಲಾ 2ನೇ ಶತಮಾನದ ಆರಂಭದಲ್ಲಿ ಇದನ್ನು ಕಟ್ಟಿಸಿದ್ದು ನಿಜ. ಅಪ್ಪನ ಸಮಾಧಿಯೂ ಅದರಡಿಯೇ ಇದೆ. ಆದರೆ ಒಳಭಾಗ ಬೆಂಕಿಗೆ ಆಹುತಿಯಾಯಿತು, ಮುಂಭಾಗ ಮುಂದೆ ಭೂಕಂಪದಲ್ಲಿ ಉರುಳಿತು. ಈಗ ಕಾಣುವ ಎರಡಂತಸ್ತಿನ ಮುಂಭಾಗವನ್ನು ಆಸ್ಟ್ರಿಯಾದ ಪುರಾತತ್ವಜ್ಞರು 1970ರ ದಶಕದಲ್ಲಿ ಬಿದ್ದ ಕಲ್ಲುಗಳನ್ನೇ ಹೊಂದಿಸಿ ನಿಲ್ಲಿಸಿದರು. ಕಲ್ಲು ಸಿಗದ ಕಡೆ ಹೊಸ ತುಂಡು ಕೂರಿಸಿದರು. ಹಾಗಂತ ‘ನಕಲಿ ಕಟ್ಟಡ’ ಅನ್ನುವವರ ಮಾತೂ ಅತಿಯಾಯಿತು. ಗೂಡುಗಳಲ್ಲಿನ ನಾಲ್ಕು ಸ್ತ್ರೀಮೂರ್ತಿಗಳು ಮಾತ್ರ ಪ್ರತಿಕೃತಿಗಳೇ, ಮೂಲ ಮೂರ್ತಿಗಳು ವಿಯೆನ್ನಾದಲ್ಲಿವೆ.

ಊರು ಹಾಳಾದದ್ದೂ ಒಂದೇ ಭೂಕಂಪದಿಂದಲ್ಲ. ನದಿ ತಂದ ಹೂಳು ಬಂದರನ್ನು ತುಂಬಿತು, ವ್ಯಾಪಾರ ಬತ್ತಿತು. ಕಡಲು ಈಗ ಕೆಲವು ಕಿಲೋಮೀಟರ್ ಆಚೆಗಿದೆ.