ಟಿಕ್ ಹಾಕುವ ಮೊದಲು ಕನ್ನಡದಲ್ಲಿ ಹೇಳಿ

ಜನರ ಮಾಹಿತಿ ಸಂಗ್ರಹಿಸುವುದೇ ತಪ್ಪು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕಾಸರಗೋಡಿನವರು ಹಾಗೆ ಹೇಳುವುದು ಕಷ್ಟ. ಇಲ್ಲಿನ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಯಾವ ಮನೆಯಲ್ಲಿ ಯಾವ ಕಾಯಿಲೆ, ಆ ಮನೆ ತೋಟಕ್ಕೆ ಎಷ್ಟು ಹತ್ತಿರ ಅಂತ ಮೊದಲೇ ಸರಿಯಾಗಿ ಬರೆದಿಟ್ಟಿದ್ದರೆ ಸಿಂಪಡಣೆ ಅಷ್ಟು ಕಾಲ ನಡೆಯುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. 2017ರಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಎಂದಿತು. ಆದರೆ ಪಟ್ಟಿಯಲ್ಲಿ ಹೆಸರಿದ್ದರೆ ತಾನೇ ದುಡ್ಡು? ಬಿಟ್ಟುಹೋದವರನ್ನು ಸೇರಿಸಿ ಅಂತ 2019ರಲ್ಲಿ ತಾಯಂದಿರು ತಿರುವನಂತಪುರದ ಸೆಕ್ರೆಟೇರಿಯೇಟಿನ ಮುಂದೆ ಮಕ್ಕಳ ಜೊತೆ ಕೂರಬೇಕಾಯಿತು.

ಮಾರನೇ ವರ್ಷ ಕೋವಿಡ್ ಬಂತು. ತಲಪಾಡಿ ಗಡಿ ಬಂದ್ ಆಯಿತು. ನಿಗಾದಲ್ಲಿದ್ದವರ ಆರೋಗ್ಯ ಮಾಹಿತಿಯನ್ನು ಕೇರಳ ಸರಕಾರ ಸ್ಪ್ರಿಂಕ್ಲರ್ ಎಂಬ ಅಮೆರಿಕದ ಕಂಪೆನಿಯ ಸಾಫ್ಟ್‌ವೇರಿಗೆ ಹಾಕಿಸಿತು. ದೊಡ್ಡ ಗಲಾಟೆಯೇ ಆಯಿತು. ಏಪ್ರಿಲ್ 24ರಂದು ಕೇರಳ ಹೈಕೋರ್ಟು ಮಾಹಿತಿ ಸಂಗ್ರಹದ ಕೆಲಸವನ್ನು ನಿಲ್ಲಿಸಿ ಎನ್ನಲಿಲ್ಲ. ಯಾರದೆಂದು ಗೊತ್ತಾಗದ ಹಾಗೆ ಗುರುತು ತೆಗೆದು ಕಂಪೆನಿಗೆ ಕೊಡಿ, ಇನ್ನು ಮುಂದೆ ಜನರಿಗೆ ತಿಳಿಸಿ ಒಪ್ಪಿಗೆ ಪಡೆಯಿರಿ ಎಂದಿತು. ನನಗೆ ಇದೇ ಸರಿಯಾದ ದಾರಿ ಅನಿಸುತ್ತದೆ. ರೋಗವನ್ನೂ ಹಿಡಿಯಬೇಕು, ರೋಗಿಯ ಮಾನವನ್ನೂ ಉಳಿಸಬೇಕು ಅಲ್ವಾ?

ಆದರೆ ಒಪ್ಪಿಗೆ ಅಂದರೆ ನಮ್ಮ ಕಡೆ ಹೇಗಿರುತ್ತದೆ ನೋಡಿ. ಮೊನ್ನೆ ಪೇಟೆಯ ಒಂದು ಕೌಂಟರಿನಲ್ಲಿ ಪಿಂಚಣಿ ಕೆಲಸಕ್ಕೆ ಬಂದ ಅಜ್ಜಿ ಒಟಿಪಿ ನೋಡಲು ಬಾರದೆ ಫೋನನ್ನೇ ಹುಡುಗನ ಕೈಗೆ ಕೊಟ್ಟರು. ಪರದೆ ತುಂಬ ಮಲಯಾಳ. ಅಡಿಯಲ್ಲಿ ಒಂದು ಸಣ್ಣ ಚೌಕ. ಅವನೇ ಟಿಕ್ ಹಾಕಿದ.

"ಎಂತ ಮಗಾ ಅದು?"

"ಎಂತ ಇಲ್ಲ ಅಜ್ಜಿ, ಅದು ಹಾಕ್ಲೇಬೇಕು."

ಹುಡುಗನದು ತಪ್ಪಲ್ಲ. ಹಿಂದೆ ಉದ್ದದ ಸಾಲು ಇತ್ತು. ಆದರೆ ಆ ಟಿಕ್ ಅಜ್ಜಿಯ ಒಪ್ಪಿಗೆ ಅಂತ ನಾನಂತೂ ಒಪ್ಪಲಾರೆ.

2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಯಲ್ಲಿ ಇದಕ್ಕೊಂದು ದಾರಿಯಿದೆ. ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ 8ನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಆ 22 ಭಾಷೆಗಳಲ್ಲಿ ಕನ್ನಡವೂ ಇದೆ. ಗಡಿನಾಡಿನ ನಮಗೆ ಇದು ಸಣ್ಣ ಸಂಗತಿಯಲ್ಲ. ಬೋರ್ಡಿನಲ್ಲಿ ಕನ್ನಡ ಬೇಕು ಅಂತ ಹೋರಾಡಿದವರು ನಾವು. ಮೊಬೈಲಿನ ಆ ಚೌಕದ ಪಕ್ಕದಲ್ಲೂ ಕೇಳಲೇಬೇಕು. ಯಾಕೆ ತೆಗೆದುಕೊಳ್ಳುತ್ತೀರಿ, ಯಾರಿಗೆ ಕೊಡುತ್ತೀರಿ, ಯಾವಾಗ ಅಳಿಸುತ್ತೀರಿ ಅಂತ ಕನ್ನಡದಲ್ಲಿ ನಾಲ್ಕು ಸಾಲು ಸಾಕು.

ಮಂಜೇಶ್ವರ, ಕಾಸರಗೋಡು ಕಡೆ ಯಾವುದಾದರೂ ಬ್ಯಾಂಕು, ಆಸ್ಪತ್ರೆ ಅಥವಾ ಆ್ಯಪಿನಲ್ಲಿ ಇಂಥ ಕನ್ನಡ ನೋಟಿಸ್ ಕಂಡವರಿದ್ದರೆ ದಯವಿಟ್ಟು ಅದರ ಫೋಟೋ ಹಾಕಿ. ಉಳಿದ ಕಡೆ ಕೇಳುವಾಗ ತೋರಿಸಲು ಬೇಕು.