ಗೊಡ್ಡು ಹೂವಂತೆ!

ಎರಡು ದಿನ ಬಿಡದೆ ಹೊಡೆದ ಮಳೆ ಇವತ್ತು ಬೆಳಗ್ಗೆ ಸ್ವಲ್ಪ ಹೊಳವಾಗಿತ್ತು. ಪಕ್ಕದ ಮನೆಗೆ ಹಾಲು ಕೊಡಲು ಹೋದೆ. ಭಾವ ಸಿಹಿಗುಂಬಳದ ಬಳ್ಳಿ ಪಕ್ಕ ಕುಕ್ಕರಗಾಲಲ್ಲಿ ಕೂತು ಹೂ ಚಿವುಟಿ ಚಿವುಟಿ ಬುಟ್ಟಿಗೆ ಹಾಕುತ್ತಿದ್ದರು. ಮೂವತ್ತಕ್ಕೇನೂ ಕಮ್ಮಿ ಇರಲಿಲ್ಲ.

"ಎಂತಕ್ಕೆ ಭಾವ?" ಅಂದೆ.

"ಬರೀ ಗೊಡ್ಡು ಹೂವು ಮಾರಾಯ್ತಿ. ಒಂದೂ ಕಾಯಿ ಕಚ್ತಿಲ್ಲೆ. ಎಂತ ಮಾಡವು ಹೇಳು?"

ನನ್ನ ಬಾಯಿ ಹೇಗೆ ಅಂತ ನಿಮಗೆಲ್ಲ ಗೊತ್ತು. ಆದರೂ ಹಾಲಿನ ತಂಬಿಗೆ ಕೈಯಲ್ಲಿತ್ತು, ತಡೆದುಕೊಂಡೆ. ಇಲ್ಲಿ ಮಾತ್ರ ತಡೆದುಕೊಳ್ಳುವುದಿಲ್ಲ.

ಅದು ಗೊಡ್ಡು ಹೂವಲ್ಲ. ಗಂಡು ಹೂವು! ಕುಂಬಳದ ಒಂದೇ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಮೊದಲು ಬರುವುದು ಗಂಡು. ತೊಟ್ಟು ಉದ್ದ, ತೆಳ್ಳಗೆ. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಪುಟ್ಟ ಕಾಯಿ ಮೊದಲೇ ಕೂತಿರುತ್ತದೆ. ಅದು ಇನ್ನೂ ಕಾಯಿಯಲ್ಲ, ಆಸೆ ಅಷ್ಟೆ. ಗಂಡಿನ ಪರಾಗ ಬಂದು ಬೀಳದಿದ್ದರೆ ಹಳದಿಯಾಗಿ, ಮೆತ್ತಗಾಗಿ ಉದುರುತ್ತದೆ. ಆಗ ನಾವು ಗೊಬ್ಬರ ಸಾಲಲಿಲ್ಲ ಅನ್ನುತ್ತೇವೆ. ಇಲ್ಲವಾದರೆ ಯಾರದೋ ಕಣ್ಣು ಬಿತ್ತು ಅನ್ನುತ್ತೇವೆ.

ಒಳಗೆ ಕೂರುವ ಬೀಜ ಒಂದೊಂದಕ್ಕೂ ಒಂದೊಂದು ಪರಾಗದ ಕಣ ಬೇಕು. ಅರ್ಧಂಬರ್ಧ ಬಿದ್ದರೆ ಕಾಯಿ ಒಂದು ಕಡೆ ಸೊಟ್ಟಗಾಗುತ್ತದೆ. ಕುಂಬಳದ ಪರಾಗ ದಪ್ಪ, ಅಂಟಂಟು. ಗಾಳಿ ಅದನ್ನು ಒಯ್ಯುವುದಿಲ್ಲ. ತುಡುವೆ ಜೇನೋ ಮಿಸರಿ ಜೇನೋ ಬಂದು ಹೊರಬೇಕು. ಹೂ ಅರಳುವುದು ಬೆಳಗಿನ ಜಾವ, ಮಧ್ಯಾಹ್ನದೊಳಗೆ ಮುದುಡುತ್ತದೆ. ಅಷ್ಟರಲ್ಲಿ ಮಳೆ ಹೊಡೆದರೆ ಜೇನು ಗೂಡು ಬಿಟ್ಟು ಹೊರಡುವುದೇ ಇಲ್ಲ. ಮೊದಲೇ ಇಷ್ಟು ಕಷ್ಟ. ಅದರ ಮೇಲೆ ಭಾವನ ಬುಟ್ಟಿ ಬೇರೆ.

ತೋಟದಲ್ಲಿ ಅಡಿಕೆಯ ಸಿಂಗಾರ, ಅಂದರೆ ಹೂಗೊಂಚಲು ನೋಡಿ. ಎಳೆಗಳ ತುಂಬ ಅಕ್ಕಿ ಕಾಳಿನಂಥ ಗಂಡು ಹೂ, ಬುಡದಲ್ಲಿ ಮಾತ್ರ ನಾಲ್ಕಾರು ಹೆಣ್ಣು. ಗಂಡು ಹೂ ಮೊದಲು ಅರಳಿ ಅಂಗಳವೆಲ್ಲ ಉದುರುತ್ತದೆ. ಅದನ್ನು ಯಾರಾದರೂ ಗೊಡ್ಡು ಅಂದದ್ದುಂಟಾ? ಇಲ್ಲ. ಅಡಿಕೆಗೆ ರೇಟಿದೆಯಲ್ಲ!

ಗಂಡು ಹೂ ಬೇಕಾದ್ದಕ್ಕಿಂತ ಜಾಸ್ತಿ ಬರುತ್ತದೆ, ಕೆಲವು ಕಿತ್ತರೆ ತೊಂದರೆಯಿಲ್ಲ ಅಂತ ಕೃಷಿ ಓದಿದವರು ಹೇಳುತ್ತಾರೆ. ಸರಿ, ಕೀಳಿ. ಆದರೆ ನಾಲ್ಕು ಬಿಡಿ ಮಾರಾಯರೇ. ಬಿಡದೆ ಕಿತ್ತು, ಆಮೇಲೆ ಬಳ್ಳಿಯನ್ನೇ ಬೈಯುವುದು ಯಾವ ನ್ಯಾಯ?

ನಿಜ ಹೇಳಬೇಕೆಂದರೆ ನನ್ನ ಸಿಟ್ಟು ಬಳ್ಳಿಗಾಗಿ ಅಲ್ಲ. ಆ ಶಬ್ದ. ಮದುವೆಯಾಗಿ ಏಳು ವರ್ಷ ನನ್ನ ಬೆನ್ನ ಹಿಂದೆ ಅದೇ ಶಬ್ದ ಓಡಾಡಿದೆ. ಕೊನೆಗೆ ಡಾಕ್ಟರು ಯಾರಲ್ಲಿ ಏನು ಕಮ್ಮಿ ಅಂತ ಹೇಳಿದ ದಿನ ಮನೆಯಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಇದನ್ನು ಇಲ್ಲಿಗೇ ಬಿಡುತ್ತೇನೆ.

ಈ ಹೂವಿನ ಹುಚ್ಚು ನನಗೆ ಹತ್ತಿದ್ದು ವೆನಿಲ್ಲಾದಿಂದ. 2003ರ ಸುಮಾರಿಗೆ ಶಿರಸಿ ಕಡೆ ಎಲ್ಲರಿಗೂ ವೆನಿಲ್ಲಾ ಜ್ವರ ಬಂದಿತ್ತಲ್ಲ, ನಮಗೂ ಬಂದಿತ್ತು. ಅದರ ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಉಂಟು, ನಡುವೆ ತೆಳ್ಳನೆಯ ಪರದೆ. ಹೂ ಅರಳಿರುವುದೂ ಒಂದೇ ಹೊತ್ತು. ಇಲ್ಲಿಯ ಜೇನಿಗೆ ಅದರ ಹತ್ತಿರ ಕೆಲಸವಿಲ್ಲ. ಬೆಳಗಾಗುತ್ತಲೇ ಕಡ್ಡಿ ಹಿಡಿದು ಪರದೆ ಎತ್ತಿ, ಹೆಬ್ಬೆರಳಿನಿಂದ ಒತ್ತಬೇಕು. ಈ ಕೈಚಳಕ ಕಂಡುಹಿಡಿದವನು 1841ರಲ್ಲಿ ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ. ಆಮೇಲೆ ರೇಟು ಬಿತ್ತು, ನಮ್ಮ ಬಳ್ಳಿ ಹೋಯಿತು. ಕೈಗೆ ಅಭ್ಯಾಸ ಉಳಿಯಿತು.

ಇವತ್ತು ಅದೇ ಅಭ್ಯಾಸ. ಬಳ್ಳಿಯ ತುದಿಯಲ್ಲಿ ಎಲೆ ಮರೆಗೆ ಒಂದೇ ಒಂದು ಹೆಣ್ಣು ಹೂ ಅರಳಿತ್ತು. ಭಾವನ ಬುಟ್ಟಿಯಿಂದ ಒಂದು ಗಂಡು ಹೂ ಎತ್ತಿದೆ. ಎಸಳು ಸುಲಿದೆ. ನಡುವಿನ ಹಳದಿ ಕಡ್ಡಿ ಬೆರಳಿಗೆ ಅರಿಶಿನದ ಹಾಗೆ ಹತ್ತಿತು. ಹೆಣ್ಣು ಹೂವಿನೊಳಗೆ ಮೂರು ಗಂಟಿನ ಹಾಗೆ ಕೂತಿರುತ್ತದಲ್ಲ, ಅದಕ್ಕೆ ಒರೆಸಿದೆ. ಮೂರಕ್ಕೂ.

ಭಾವ ಬಾಯಿ ಕಳೆದು ನೋಡಿದರು. ಈಗ ಏನಾದರೂ ಒಳ್ಳೆ ಮಾತು ಬರುತ್ತದೆ ಅಂದುಕೊಂಡೆ.

"ಹಂಗಾರೆ ಉಳಿದದ್ದು ಬಜ್ಜಿ ಮಾಡ್ಲಕ್ಕಾ?"

ಮಾಡಿ ಅಂದೆ. ಹತ್ತು ಗಂಟೆಗೆ ನನಗೂ ನಾಲ್ಕು ಬಂತು. ತಿಂದೆ. ಗರಿಗರಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.